ಬಸುವಿಗೆ ಮುಂಬಯಿಯಲ್ಲಿ ವರ್ಗವಾದದ್ದು

ಗದಗ

ನಮ್ಮ ಮನೆಯಲ್ಲಿ ಟ್ರಾನ್ಸ್‌ಫರ್ ಎಂಬ ಮಾತು ಬೈಗುಳಕ್ಕೆ ಸಮ. ನಾನು ಸರಕಾರಿ ಶಾಲೆಯ ಶಿಕ್ಷಕಿ. ಬಾಯಿ ಜೋರು ಎಂಬ ಕಾರಣಕ್ಕೆ ಮೂರು ಸಲ ವರ್ಗವಾದವಳು. ಒಮ್ಮೆ, ಹೆಡ್‌ಮಾಸ್ತರರ ಮನೆಗೆ ಮಕ್ಕಳಿಂದ ನೀರು ಹೊರಿಸಬೇಡಿ ಎಂದದ್ದಕ್ಕೆ. ಇನ್ನೊಮ್ಮೆ, ಇಲಾಖೆಯ ಸಾಹೇಬರ ಹಾರ ತುರಾಯಿಗೆ ವಂತಿಗೆ ಕೊಡದೆ ಇದ್ದದ್ದಕ್ಕೆ. ಮೂರನೆಯದು ಏಕೆಂದು ಇವತ್ತಿಗೂ ತಿಳಿದಿಲ್ಲ. ಬಹುಶಃ ರೂಢಿ ಬಿಟ್ಟುಹೋಗಬಾರದೆಂದು ಮಾಡಿರಬೇಕು.

ಹೀಗಿರುವಾಗ, ಮುಂಬಯಿಯಿಂದ ಬಂದಿದ್ದ ನಮ್ಮ ಓಣಿಯವನೊಬ್ಬ ಕಟ್ಟೆಯ ಮೇಲೆ ಕೂತು, "ನಿಮ್ಮ ಬಸೂಗ ಟ್ರಾನ್ಸ್‌ಫರ್ ಆಗೂದೈತಿ" ಎಂದಾಗ ಅವ್ವ ಎದೆ ಬಡಿದುಕೊಂಡಳು.

"ಏನ್ ತಪ್ಪು ಮಾಡಿದ್ನೋ ನನ್ನ ಮಗ! ಯಾರಿಗೆ ಎದುರ ಮಾತಾಡಿದ್ನೋ! ಈ ಮಗಳದೊಂದ ಸಾಲದಂತ ಈಗ ಅವಂದೂ ಬಂತಲ್ಲೋ!"

ಬಸು ಅಂದರೆ ಬಸವರಾಜ, ನನ್ನ ತಮ್ಮ. ಹತ್ತೊಂಬತ್ತರ ಹುಡುಗ. ನಮ್ಮ ಈರಪ್ಪ ಕಾಕಾ ಮುಂಬಯಿಯಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ. ಅವನ ಹಿಂದೆ ಹೋಗಿ ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಸೇರಿಕೊಂಡಿದ್ದ. ಸಂಜೆಯಾದರೆ ವರ್ಕ್‌ಶಾಪಿನ ಟೀಮಿನಲ್ಲಿ ಫುಟ್‌ಬಾಲ್. ಗದಗಿನ ಧೂಳಿನಲ್ಲಿ ಬರಿಗಾಲಲ್ಲಿ ಕಲಿತ ಆಟ ಅವನದು. ಯಾವಾಗಲೂ ಮುಂದೆ ನಿಲ್ಲುವವನು, ಗೋಲು ಹೊಡೆಯುವವನು.

"ಶಿಕ್ಷಾ ಅಲ್ಲಬೇ ಎವ್ವಾ, ಇದು ಮಾನ" ಎಂದು ಓಣಿಯವನು ಬಿಡಿಸಿ ಹೇಳಿದ. ಮುಂಬಯಿಯಲ್ಲಿ ವರ್ಷಕ್ಕೊಮ್ಮೆ, ಮಳೆಗಾಲದ ಆಟ ಶುರುವಾಗುವ ಮೊದಲು, ಆಟಗಾರರು ಒಂದು ಟೀಮು ಬಿಟ್ಟು ಇನ್ನೊಂದಕ್ಕೆ ಹೋಗಬಹುದಂತೆ. ಅದಕ್ಕೇ ಟ್ರಾನ್ಸ್‌ಫರ್ ಅನ್ನುವುದು. ಫೋರ್ಟಿನ ಒಂದು ಬ್ಯಾಂಕಿನ ಟೀಮು ಬಸುವಿನ ಮೇಲೆ ಕಣ್ಣಿಟ್ಟಿತ್ತು. ಟೀಮಿಗೆ ಸೇರಿದರೆ ಬ್ಯಾಂಕಿನಲ್ಲಿ ಕಾಯಂ ನೌಕರಿ.

ಅವ್ವನ ಅಳು ಅರ್ಧಕ್ಕೇ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಹಂಗಾರ ಇಲ್ಲ್ಯಾಕ ಕುಂತಿ? ಹೋಗು. ನಿಂತು ಸಹಿ ಮಾಡಿಸ್ಕೊಂಡ ಬಾ."

ಹೆಡ್‌ಮಾಸ್ತರರು ರಜೆ ಕೊಡಲಿಲ್ಲ. "ಪರೀಕ್ಷಾ ಹತ್ರ ಬಂದಾವ. ಹೋದ್ರ ಹೋಗ್ರಿ, ಆಮ್ಯಾಲ ಎಲ್ಲಿಗೆ ಒಗೀತಾರೋ ನನಗ ಗೊತ್ತಿಲ್ಲ" ಎಂದರು. ಒಗೆಸಿಕೊಂಡು ರೂಢಿಯಿದ್ದವಳು ನಾನು. ಹೊರಟೆ.

ನಾನು ಶಾಲೆ ಕಲಿಯುವಾಗ ನಮ್ಮೂರೇ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಊರಿಗೂರೇ ಈ ಕಡೆಗೆ ವರ್ಗವಾಯಿತು. ಅದೊಂದು ವರ್ಗ ಮಾತ್ರ ನಾವೇ ಹಟ ಹಿಡಿದು ಕೇಳಿ ಪಡೆದದ್ದು. ಈಗ ಮುಂಬಯಿಗೆ ಹೋಗುವುದೆಂದರೆ ನಮ್ಮ ಮಂದಿಗೆ ಪರದೇಶಕ್ಕೆ ಹೋದಂತೆ. ಬುತ್ತಿ ಕಟ್ಟುವಾಗ ಅವ್ವ ಅಲ್ಲಿ ನೀರು ಸಿಗುತ್ತದೋ ಇಲ್ಲವೋ ಎಂದು ಕೇಳಿದಳು.

ಬೈಕುಲ್ಲಾ

ಮೀರಜಿನಲ್ಲಿ ಗಾಡಿ ಬದಲಿಸಿ, ಬೆಳಗಿನ ಹೊತ್ತಿಗೆ ಕೇಳುತ್ತ ಕೇಳುತ್ತ ಕಾಕಾನ ಚಾಳಿಗೆ ಬಂದೆ. ನೀರು ಸಿಗುತ್ತಿತ್ತು, ಆದರೆ ಅದರ ಮುಂದೆ ಇಡೀ ಚಾಳು ನಿಂತಿತ್ತು. ನಲ್ಲಿಯ ಸಾಲಿನಲ್ಲಿ ಮನುಷ್ಯರಿಗಿಂತ ಕೊಡಗಳೇ ಹೆಚ್ಚು. ಕೊಡವಿಟ್ಟು ಹೋದರೂ ಪಾಳಿ ತಪ್ಪುವುದಿಲ್ಲವಂತೆ. ನಮ್ಮೂರಿನಲ್ಲಾದರೆ ಕೊಡವೂ ಇರುತ್ತಿರಲಿಲ್ಲ, ಪಾಳಿಯೂ ಇರುತ್ತಿರಲಿಲ್ಲ. ಇದು ನನಗೆ ಮೆಚ್ಚುಗೆಯಾಯಿತು.

ಬಸವರಾಜ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಾಲ್ಚೆಂಡು ಆಡುವವನು ಎಂದು ಕೈಕಾಲು ಆಡಿಸಿ ತೋರಿಸಿದ ಮೇಲೆ ಒಬ್ಬ ಹೆಂಗಸು, "ಅಚ್ಛಾ, ರಾಜು! ರಾಜು ಕೋ ತೊ ಉಠಾ ಲೇ ಗಯೇ" ಎಂದಳು.

ಎತ್ತಿಕೊಂಡು ಹೋದರು! ನಮ್ಮ ಕಡೆ ಎತ್ತುವುದು ಹೆಣವನ್ನು. ನನ್ನ ಕೈಯಲ್ಲಿದ್ದ ಬುತ್ತಿಗಂಟು ಜಾರಿ ಕೆಳಗೆ ಬಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ನನ್ನ ಅಳು ಕೇಳಿಯೇ ಕಾಕಾ ಮೇಲಿನಿಂದ ಇಳಿದು ಬಂದ.

"ಏ ಹುಚ್ಚಿ, ಸತ್ತಿಲ್ಲ. ಅಡಗಿಸಿಟ್ಟಾರ!" ಎಂದು ನಕ್ಕ. "ಸಹಿ ಆಗೂ ತನಕ ಬ್ಯಾರೆ ಟೀಮಿನವರು ಕದ್ದ ಒಯ್ಯಬಾರದಂತ ಇಲ್ಲಿ ಹಿಂಗ ಬಚ್ಚಿಡ್ತಾರ. ಬ್ಯಾಂಕಿನ ಟೀಮಿಗೆ ಬೇಕಾದ ಶೆಟ್ಟರೊಬ್ರು ಅದಾರ, ಅವರು ಟ್ಯಾಕ್ಸಿನ್ಯಾಗ ಕರ್ಕೊಂಡ ಹೋದ್ರು. ಅವರ ಹೋಟ್ಲ ಮ್ಯಾಗ ಇರಬೇಕು. ಫೋರ್ಟಿನ್ಯಾಗ."

"ರಾಜು ಅಂದ್ರ ಯಾರು?"

"ನಮ್ಮ ಬಸೂನ. ಬಸು ಬಸು ಅಂತ ಒದರಿದ್ರ ಇಲ್ಲಿ ಮಂದಿಗೆ ಬಸ್, ಸಾಕು, ಅಂದಂಗ ಕೇಳ್ತೈತಿ. ಚೆಂಡು ಒಯ್ಯಾಂವಗ ಸಾಕು ಅಂದ್ರ ಹೆಂಗ? ಅದಕ್ಕ ರಾಜು ಅಂತ ಇಟ್ಟಾರ."

ನಮ್ಮಪ್ಪ ಇಟ್ಟ ಹೆಸರನ್ನು ಕೇಳದೆ ಕೊಳ್ಳದೆ ಕತ್ತರಿಸಿ ಬಾಲ ಉಳಿಸಿಕೊಂಡಿದ್ದರು. ನನಗೆ ಅಲ್ಲಿಂದಲೇ ಸಿಟ್ಟು ಶುರುವಾಯಿತು.

ಫೋರ್ಟ್

ಕಾಕಾ ಕೆಲಸಕ್ಕೆ ಹೋದ. ನಾನು ಬಸುವಿನ ಬುತ್ತಿಗಂಟು ಹಿಡಿದು ಒಬ್ಬಳೇ ಫೋರ್ಟಿಗೆ ಬಂದೆ. ಫೋರ್ಟಿನಲ್ಲಿ ಹೋಟೆಲಿನ ಶೆಟ್ಟರನ್ನು ಹುಡುಕುವುದೆಂದರೆ ಗದಗಿನಲ್ಲಿ ಬಸಪ್ಪನನ್ನು ಹುಡುಕಿದ ಹಾಗೆ. ಒಂದೊಂದು ಹೋಟೆಲಿಗೂ ಒಬ್ಬೊಬ್ಬ ಶೆಟ್ಟರು. ಯಾರನ್ನು ಕೇಳಿದರೂ, "ಇಲ್ಲ ಅಕ್ಕ, ಇಲ್ಲಿ ಅಂಥವರು ಯಾರೂ ಇಲ್ಲ" ಎಂದು ನಗುತ್ತ ಹೇಳಿ ಕಳಿಸುವವರೇ.

ಮಧ್ಯಾಹ್ನದ ಹೊತ್ತಿಗೆ ಕಾಲು ಬಿದ್ದುಹೋಗಿ ಒಂದು ಹೋಟೆಲಿನಲ್ಲಿ ಕುಳಿತೆ. ಆಫೀಸಿನ ಮಂದಿ ಒಂದೇ ಮೇಜಿನಲ್ಲಿ ನಾಲ್ವರು ನಾಲ್ಕು ದಿಕ್ಕಿನವರು ಕೂತು, ಒಬ್ಬರ ಮುಖ ಒಬ್ಬರು ನೋಡದೆ ಉಂಡು ಏಳುತ್ತಿದ್ದರು. ಉಣ್ಣುವವನ ಬೆನ್ನ ಹಿಂದೆ ಮುಂದಿನವನು ನಿಂತು ಎಲೆ ನೋಡುತ್ತಿರುತ್ತಾನೆ. ನಮ್ಮಲ್ಲಿ ಹೀಗೆ ನೋಡಿದರೆ ಉಂಡವನಿಗೆ ಹೊಟ್ಟೆನೋವು ಬರುತ್ತದೆಂದು ನೋಡುವವನನ್ನು ಅಟ್ಟುತ್ತಾರೆ.

"ಏನು ಬೇಕು ಅಕ್ಕ?" ಎಂದ ಸಪ್ಲೈಯರ್.

ಉಪ್ಪಿಟ್ಟು, ದೋಸೆ ಎಲ್ಲ ಇದ್ದವು. ನನಗೆ ಮಾತ್ರ ಸಿಟ್ಟು, ಹಸಿವು ಎರಡೂ ಸೇರಿ ಹಟ ಬಂದಿತ್ತು. "ಜ್ವಾಳದ ರೊಟ್ಟಿ ಐತೇನು? ಶೇಂಗಾ ಚಟ್ನಿ?"

ಆತ ಒಳಕ್ಕೆ ಕೂಗಿದ. ಅಡುಗೆಮನೆಯಿಂದ ಭಟ್ಟರ ದನಿ ಹೊಗೆಯ ಜೊತೆಗೇ ಹೊರಗೆ ಬಂತು. "ಮೇಲಿನವನಿಗೆ ನಿನ್ನೆಯೇ ಹೇಳಿದ್ದಲ್ವಾ, ರೊಟ್ಟಿ ಇಲ್ಲ, ಶೇಂಗಾ ಚಟ್ನಿಯೂ ಇಲ್ಲ ಅಂತ! ದಿನಾ ಅದೇ ರಾಗ. ಎಂತ ಹುಡುಗ ಮಾರಾಯಾ ಅವ!"

ನಾನು ಎದ್ದೆ. ಉಡುಪಿ ಹೋಟೆಲಿನಲ್ಲಿ ಕೂತು ದಿನಾ ಜೋಳದ ರೊಟ್ಟಿ ಕೇಳುವ ಜೀವ ಇಡೀ ಫೋರ್ಟಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಗಲ್ಲಾದ ಮೇಲಿದ್ದ ಶೆಟ್ಟರು ಅಡ್ಡ ಬಂದರು.

"ಅಕ್ಕಾ, ಮೇಲೆ ಸ್ಟಾಫ್ ರೂಮು. ಲೇಡೀಸ್ ಹೋಗ್ಲಿಕ್ಕಿಲ್ಲ."

"ನಾ ಲೇಡೀಸ್ ಅಲ್ರಿ, ಅವನ ಅಕ್ಕ" ಎಂದು ಮೆಟ್ಟಿಲು ಹತ್ತಿದೆ.

ಬಸು ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದ. ತೊಡೆಯ ಮೇಲೆ ಹೊಸ ಬೂಟು. ಅದರ ತಳಕ್ಕೆ ಒಂದು ಚೂರೂ ಮಣ್ಣಿಲ್ಲ. ಕೆನ್ನೆ ಗುಂಡಗಾಗಿತ್ತು. "ಅಕ್ಕಾ! ನೀ ಹೆಂಗ ಬಂದಿ?" ಎಂದು ಎದ್ದವನಿಗೆ ಮೊದಲು ಎರಡು ಬೈದೆ, ಆಮೇಲೆ ಬುತ್ತಿಗಂಟು ಬಿಚ್ಚಿದೆ. ಅವನು ರೊಟ್ಟಿ ಮುರಿದ ರಭಸ ನೋಡಿ ಕಣ್ಣಲ್ಲಿ ನೀರು ಬಂತು.

ಶೆಟ್ಟರು ಕೆಟ್ಟವರಲ್ಲ. ತಾವೇ ಕಾಫಿ ಹಿಡಿದುಕೊಂಡು ಮೇಲೆ ಬಂದರು. "ಕೋಪ ಮಾಡ್ಬೇಡಿ. ನಿಮ್ಮ ತಮ್ಮನಿಗೆ ನಾವೇನೂ ಕಮ್ಮಿ ಮಾಡಿಲ್ಲ. ನಾಳೆ ಸಹಿ. ಮರುದಿನವೇ ಬ್ಯಾಂಕು, ಫ್ಯಾನಿನ ಕೆಳಗೆ ಕುರ್ಚಿ!"

ಅವ್ವ ಹೇಳಿ ಕಳಿಸಿದ್ದೇ ಇದು. ನಾನು ಸುಮ್ಮನೆ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಶಿಕ್ಷಕಿಯ ಬಾಯಿ. "ಯಾವ ಜಾಗಾದಾಗ ಆಡಿಸ್ತೀರಿ?" ಎಂದು ಕೇಳಿಬಿಟ್ಟೆ.

ಶೆಟ್ಟರು ಬಸುವನ್ನು ನೋಡಿದರು, ಬಸು ಬೂಟನ್ನು ನೋಡಿದ.

"ಮುಂದೆ ಆಡುವವರು ನಮ್ಮಲ್ಲಿ ಮೂರು ಜನ ಉಂಟು. ನುರಿತವರು. ಇವ ಸಣ್ಣವ. ಅವಸರ ಎಂತಕ್ಕೆ? ಒಂದೆರಡು ವರ್ಷ ಇಟ್ಕೊಳ್ತೇವೆ."

"ಆಡಸಂಗಿಲ್ಲ?"

"ಆಟ ಆಮೇಲೆ. ಈಗ ಬೇರೆಯವರ ಕೈಗೆ ಸಿಗಬಾರದು, ಅದು ಮುಖ್ಯ. ಹೋದ ವರ್ಷ ನಮ್ಮ ಮೇಲೆಯೇ ಗೋಲು ಹೊಡೆದ ಅಲ್ವಾ ಇವ! ಹೊಡೆಯುವವನನ್ನೇ ನಾವು ಇಟ್ಕೊಂಡ್ರೆ ಮತ್ತೆ ನಮಗೆ ಹೊಡೆಯುವವ ಯಾರು?"

ಉಪಾಯ ಚೆನ್ನಾಗಿತ್ತು, ಹೇಳಿದವರ ಮುಖದಲ್ಲಿ ಹೆಮ್ಮೆಯೂ ಇತ್ತು. ನನ್ನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ಇಟ್ಟುಕೊಳ್ಳುವುದು. ನಮ್ಮ ಕಡೆ ಗಂಡಸೊಬ್ಬ ಇಟ್ಟುಕೊಂಡಿದ್ದಾನೆ ಎಂದರೆ ಅದರ ಅರ್ಥ ಬೇರೆ. ಮರ್ಯಾದಸ್ತರು ಆ ಮಾತನ್ನು ದನಿ ತಗ್ಗಿಸಿ ಆಡುತ್ತಾರೆ.

"ಶೆಟ್ಟರ, ನಮ್ಮ ಮನಿತನದಾಗ ಯಾರೂ ಯಾರನ್ನೂ ಇಟ್ಕೊಂಡಿಲ್ಲ, ಯಾರ ಹತ್ರಾನೂ ಇಟ್ಟಿಸ್ಕೊಂಡಿಲ್ಲ" ಎಂದೆ.

ಶೆಟ್ಟರ ಕಿವಿ ಕೆಂಪಾಯಿತು. "ಛೆ ಛೆ, ನಾನು ಹಾಗೆ ಹೇಳಿದ್ದಲ್ಲ ಮಾರಾಯ್ರೆ!"

"ನೀವು ಹೇಳಿದ್ದು ಹಂಗ ಅಲ್ಲ, ಮಾಡೂದು ಮಾತ್ರ ಅದ. ಬಸೂ, ನಿನ್ನ ಬ್ಯಾರೆ ಯಾರರ ಕೇಳ್ಯಾರೇನು?"

ಬಸು ಗೊಣಗಿದ. ವಿಕ್ರೋಳಿಯ ಒಂದು ಕಾರ್ಖಾನೆಯ ಟೀಮು ಕೇಳಿತ್ತಂತೆ. ಸಣ್ಣ ಟೀಮು, ಹೆಸರು ಮಾಡದ್ದು. "ಆದ್ರ ಅಲ್ಲಿ ಖಾನ್ ಸಾಹೇಬ ಅಂತ ಕೋಚ್ ಅದಾನ. ನಾ ಎರಡು ಗೋಲು ಹೊಡದ ದಿನಾನ ನನಗ ಒಂದ ಕಾಲಿನ ಕುದುರಿ ಅಂತ ಬೈದ. ನಾ ಅಲ್ಲಿ ಹೋಗಂಗಿಲ್ಲ."

"ಎರಡು ಗೋಲು ಹೊಡದ ದಿನಾ ಬೈದ್ನಾ? ಹಂಗಾರ ಅವನ್ನ ಮದಲ ನೋಡಬೇಕು. ಏಳು."

"ನಾಳೆ ಸಹಿ ಉಂಟು!" ಎಂದರು ಶೆಟ್ಟರು.

"ನಾಳಿ ತನಕ ಅಂವ ನನ್ನ ತಮ್ಮ ಅದಾನ್ರಿ" ಎಂದೆ. ಮಾತು ನಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಶೆಟ್ಟರು ತಡೆಯಲಿಲ್ಲ. ನಾವು ಇಳಿದು ಹೋಗುವಾಗ ಒಂದು ಪೊಟ್ಟಣ ಇಡ್ಲಿ ಕಟ್ಟಿಸಿ ನನ್ನ ಕೈಗಿಟ್ಟರು.

ವಿಕ್ರೋಳಿ

ಲೋಕಲ್ ಗಾಡಿಯಲ್ಲಿ ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ ಬಸು ತಾನು ಗಂಡಸರದಕ್ಕೆ ಹೋದ. ಹತ್ತಿಸಿದ ಅವಸರದಲ್ಲಿ ಅದು ಎಲ್ಲ ಕಡೆ ನಿಲ್ಲುವ ಸ್ಲೋ ಗಾಡಿಯೋ, ಸಣ್ಣ ಸ್ಟೇಷನ್ನು ಬಿಟ್ಟು ಓಡುವ ಫಾಸ್ಟೋ ನೋಡಲಿಲ್ಲ. ಡಬ್ಬಿಯಲ್ಲಿ ಮೂವರು ಕೂರುವ ಸೀಟಿಗೆ ನಾಲ್ಕನೆಯವಳಾಗಿ ಅಂಚಿನಲ್ಲಿ ನೇತುಬಿದ್ದೆ. ಎದುರಿನ ಹೆಂಗಸು ತೊಡೆಯ ಮೇಲೆ ಪೇಪರ್ ಹಾಸಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ಸುಮ್ಮನಿರುವುದು ಕಂಡು ಒಂದು ಕಟ್ಟು ನನ್ನ ಮಡಿಲಿಗೂ ಹಾಕಿದಳು. ಪರಿಚಯವಿಲ್ಲ, ಭಾಷೆ ಬರುವುದಿಲ್ಲ, ಆದರೂ ಬಿಡಿಸಿಕೊಟ್ಟೆ. ತಲೆಯೆತ್ತಿದಾಗ ವಿಕ್ರೋಳಿಯ ಬೋರ್ಡು ಗಾಳಿಯಂತೆ ಹಿಂದಕ್ಕೆ ಹೋಗುತ್ತಿತ್ತು. "ನಿಲ್ಸ್ರೀ!" ಎಂದು ಎದ್ದು ಕೂಗಿದೆ. ಇಡೀ ಡಬ್ಬಿ ನಕ್ಕಿತು. ಎಲ್ಲೋ ಮುಂದೆ ಇಳಿದು, ಸ್ಲೋ ಗಾಡಿ ಹಿಡಿದು ತಿರುಗಿ ಬಂದೆವು.

ಮೈದಾನ ಕಾರ್ಖಾನೆಯ ಹಿಂದಿತ್ತು. ಪಾಳಿ ಮುಗಿಸಿದ ಕೆಲಸಗಾರರು ಎಣ್ಣೆ ಮೆತ್ತಿದ ಅಂಗಿ ಕಳಚಿ ಆಟಕ್ಕಿಳಿಯುತ್ತಿದ್ದರು. ಖಾನ್ ಸಾಹೇಬರು ಹೈದರಾಬಾದಿನವರು, ಎತ್ತರದ ಆಳು. ಅವರ ಮಾತು ನಮ್ಮೂರಿನ ಮಸೀದಿ ಓಣಿಯ ಮಾತಿನಂತೆಯೇ ಇದ್ದದ್ದರಿಂದ ನನಗೆ ಪೂರ್ತಿ ತಿಳಿಯಿತು. ನಮಸ್ಕಾರ ಕೂಡ ಮಾಡದೆ ಅವರು ಬಸುವಿನ ಕಾಲು ನೋಡಿದರು.

"ತೇರಾ ಬಾಯಾಂ ಪಾಂವ್ ಕಿದರ್ ಹೈ ರೇ? ಘರ್ ಪೇ ರಖ್ ಕೋ ಆಯಾ ಕ್ಯಾ?"

ಎಡಗಾಲನ್ನು ಮನೆಯಲ್ಲಿಟ್ಟು ಬಂದೆಯಾ ಎಂದು! ನನಗೆ ನಗು ಬಂತು. ಬಸುವಿಗೆ ಬರಲಿಲ್ಲ. ಅವನ ಬಲಗಾಲಿನ ಬೂಟು ಬಿಚ್ಚಿಸಿ, ಎಡಗಾಲಿಗೆ ಮಾತ್ರ ಬೂಟು ಉಳಿಸಿ, ಚೆಂಡು ಬಿಟ್ಟರು. ಬಲಗಾಲಲ್ಲಿ ಮುಟ್ಟಿದರೆ ಹೆಬ್ಬೆರಳು ಹೋಗುವಷ್ಟು ಗಟ್ಟಿ ಚೆಂಡು. ಎಡಗಾಲಲ್ಲಿ ಹೊಡೆದದ್ದು ಒಂದು ಗೋಡೆಗೆ, ಒಂದು ಗಟಾರಕ್ಕೆ. ಒಮ್ಮೆ ಚೆಂಡು ಅಲ್ಲೇ ಉಳಿದು ಇವನೇ ಬಿದ್ದ. ಇನ್ನೊಮ್ಮೆ ರೂಢಿಯಂತೆ ಬಲಗಾಲು ಬೀಸಿ ಹೆಬ್ಬೆರಳು ಜಜ್ಜಿಕೊಂಡ. ಕೆಲಸಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾತ್ರ ಖಾನ್ ಸಾಹೇಬರ ಮುಖ ನೋಡುತ್ತಿದ್ದೆ. ಅವರು ನಗುತ್ತಿರಲಿಲ್ಲ. ಪ್ರತಿ ಸಲವೂ ಹತ್ತಿರ ಹೋಗಿ, ಕುಕ್ಕರುಗಾಲಲ್ಲಿ ಕೂತು, ಪಾದವನ್ನು ಕೈಯಿಂದ ಹಿಡಿದು ತಿರುಗಿಸಿ ಮತ್ತೆ ನಿಲ್ಲಿಸುತ್ತಿದ್ದರು. ಅಕ್ಷರ ತಿದ್ದಿಸಲು ಮಗುವಿನ ಬೆರಳು ಹಿಡಿಯುವುದು ಹೀಗೆಯೇ. ಆ ಕೆಲಸ ನನಗೆ ಗೊತ್ತು.

ಕೊನೆಗೆ ನನ್ನ ಹತ್ತಿರ ಬಂದು, ಮುಚ್ಚುಮರೆಯಿಲ್ಲದೆ ಹೇಳಿದರು. ಬಲಗಾಲು ಇವನದು ಚಿನ್ನ, ಆದರೆ ಒಂದೇ ಕಾಲಿನವನನ್ನು ಇನ್ನು ಎರಡು ವರ್ಷಕ್ಕೆ ಎದುರು ಟೀಮುಗಳಲ್ಲಿ ಅಡ್ಡಗಟ್ಟುವ ಹಿಂದಿನ ಆಟಗಾರರೆಲ್ಲ ಓದಿಕೊಂಡುಬಿಡುತ್ತಾರೆ. ಎಡಗಾಲು ಕಲಿಯುವ ತನಕ ಗೋಲು ಕಡಿಮೆಯಾಗುತ್ತವೆ, ಜನ ಬೈಯುತ್ತಾರೆ. ಕಾರ್ಖಾನೆಯಲ್ಲಿ ಸಿಗುವುದು ಅಪ್ರೆಂಟಿಸ್ ಕೆಲಸ, ಅದು ಕಾಯಂ ಆಗುವುದೂ ಬಿಡುವುದೂ ಇವನ ಕೈಯಲ್ಲಿ.

"ಲೇಕಿನ್ ಖೇಲೇಗಾ, ಬೆಹನ್. ಹರ್ ಮ್ಯಾಚ್ ಖೇಲೇಗಾ."

ಆಡುತ್ತಾನೆ, ಪ್ರತಿ ಮ್ಯಾಚೂ ಆಡುತ್ತಾನೆ. ಫೋರ್ಟಿನಲ್ಲಿ ಎಲ್ಲವೂ ಇತ್ತು, ಈ ಒಂದು ಮಾತು ಇರಲಿಲ್ಲ.

ಸ್ಟೇಷನ್ನಿನ ಬೆಂಚಿನ ಮೇಲೆ ಬಸು ಹೆಬ್ಬೆರಳು ಹಿಡಿದುಕೊಂಡು ಕೂತ. ಗಾಡಿಗಳು ಬಂದು ಹೋದವು, ಏಳಲಿಲ್ಲ. ಸಿಟ್ಟಿಗೆ ಕಣ್ಣು ತುಂಬಿದ್ದವು.

"ಎಲ್ಲಾರ ಮುಂದ ನಗಿ ಮಾಡಿಸಿದಿ. ಅಲ್ಲಿ ಬ್ಯಾಂಕಿನವರು ನನ್ನ ಹೀರೋ ಅಂತಾರ, ಹೀರೋ!"

"ಹೀರೋ ಅಂತಾರ, ಹೌದು. ಆಡಸ್ತೀವಿ ಅಂದ್ರೇನು?"

"ನೌಕರಿ ಕಾಯಂ ಐತಲ್ಲ. ಅವ್ವ ಏನಂತಾಳ?"

ಅವ್ವನ ಮುಖ ನೆನೆದರೆ ನನಗೇ ಹೆದರಿಕೆಯಾಗುತ್ತಿತ್ತು. ಬ್ಯಾಂಕಿನ ನೌಕರಿ ಬೇಡ ಅನ್ನುವ ಮನೆಯೇ ನಮ್ಮದು? ಅವನಿಗೆ ಕಾಲು ಮುರಿದರೆ? ಎಡಗಾಲು ಕಲಿಯಲೇ ಇಲ್ಲವೆಂದರೆ? "ನಾ ಹೇಳೂದು ಹೇಳೀನಿ. ಕಾಲು ನಿಂದು, ನೀನ ಹೇಳು" ಎಂದು ಸುಮ್ಮನಾದೆ. ಜೀವಮಾನದಲ್ಲಿ ನಾನು ಸುಮ್ಮನಾದದ್ದು ಅಪರೂಪ.

ಅರಿವೆ ಹರಿದು ಅವನ ಹೆಬ್ಬೆರಳಿಗೆ ಕಟ್ಟುತ್ತಿದ್ದಾಗ ಅವನು ಕೇಳಿದ. "ಅಕ್ಕಾ, ನಿನ್ನ ಮೂರು ಸಲ ವರ್ಗಾ ಮಾಡಿದ್ರಲ್ಲ, ಒಂದ ಸಲನರ ನಿನ್ನ ಕೇಳಿ ಮಾಡಿದ್ರೇನು?"

"ಇಲ್ಲ."

"ನನ್ನ ಕೇಳಾಕತ್ತಾರ" ಎಂದ. ಆಮೇಲೆ ಬಂದ ಸ್ಲೋ ಗಾಡಿಗೆ ಎದ್ದ.

ಮತ್ತೆ ಫೋರ್ಟ್

ಚಾಳಿನಲ್ಲಿ ಕಾಕಾ ಕೂಗಾಡಿದ್ದನ್ನು ಬರೆಯುವುದಿಲ್ಲ. "ಇಕಿ ತಾ ಹಾಳಾಗಿದ್ದು ಸಾಲದಂತ ತಮ್ಮನ್ನೂ ಹಾಳ ಮಾಡಾಕ ಬಂದಾಳ" ಎಂಬುದು ಅದರಲ್ಲಿ ಮೆತ್ತಗಿನ ಮಾತು.

ಮರುದಿನ ಸಹಿ ಮಾಡಿಸುವ ಆಫೀಸಿಗೆ ಹೋದೆವು. ಜನವೋ ಜನ. ಟ್ಯಾಕ್ಸಿಯಿಂದ ಆಟಗಾರರನ್ನು ನಡುವೆ ಹಿಡಿದು, ಮದುಮಕ್ಕಳಂತೆ ಇಳಿಸುತ್ತಿದ್ದರು. ಶೆಟ್ಟರು ಬಾಗಿಲಲ್ಲೇ ಕಾಯುತ್ತಿದ್ದರು, ಪಕ್ಕದಲ್ಲಿ ಬ್ಯಾಂಕ್ ಟೀಮಿನ ಸೆಕ್ರೆಟರಿ ಸಾಹೇಬರು. ಇನ್ನೊಂದು ಮೂಲೆಯಲ್ಲಿ ಖಾನ್ ಸಾಹೇಬರು ಒಬ್ಬರೇ ಗೋಡೆಗೆ ಒರಗಿ ನಿಂತಿದ್ದರು. ಕರೆಯಲಿಲ್ಲ, ಕೈ ಕೂಡ ಎತ್ತಲಿಲ್ಲ.

ಒಳಗೆ ಮೇಜಿನ ಹಿಂದೆ ವಯಸ್ಸಾದ ಅಧಿಕಾರಿ. ನಿಯಮದಂತೆ ಆಟಗಾರ ತನ್ನ ಬಾಯಿಂದಲೇ ಟೀಮಿನ ಹೆಸರು ಹೇಳಬೇಕು. ಬಸುವನ್ನು ಕರೆದಾಗ ನನ್ನನ್ನು ಹೊಸ್ತಿಲಲ್ಲೇ ತಡೆದರು. ಬಾಗಿಲು ತೆರೆದಿತ್ತು, ಎಲ್ಲ ಕೇಳುತ್ತಿತ್ತು.

"ನಾಮ್?"

"ರಾಜು" ಎಂದು ಹೇಳಿಕೊಟ್ಟರು ಸೆಕ್ರೆಟರಿ.

"ಬಸವರಾಜ" ಎಂದ ನನ್ನ ತಮ್ಮ.

ಸೆಕ್ರೆಟರಿ ಸಾಹೇಬರು ನಗುತ್ತ ಬಸುವಿನ ಹೆಗಲ ಮೇಲೆ ಕೈ ಹಾಕಿ, ತಾವೇ ಕುರ್ಚಿ ಎಳೆದು, "ಬೈಠೋ ಬೇಟಾ, ಆರಾಮ್ ಸೇ ಬೈಠೋ" ಎಂದರು.

ಬಸು ಕುರ್ಚಿಯನ್ನು ನೋಡಿದ. ಮೇಲೆ ಫ್ಯಾನು ತಿರುಗುತ್ತಿತ್ತು. ಹೆಬ್ಬೆರಳಿಗೆ ನಾನು ಕಟ್ಟಿದ ಅರಿವೆ ಚಪ್ಪಲಿಯಿಂದ ಹೊರಗೆ ಇಣುಕುತ್ತಿತ್ತು. ತಿರುಗಿ ನನ್ನ ಕಡೆ ನೋಡುತ್ತಾನೆ ಎಂದುಕೊಂಡೆ. ನೋಡಲಿಲ್ಲ.

"ಬೈಠ್ನೇ ಕೋ ನಹೀ ಆಯಾ, ಸಾಬ್" ಎಂದ. ಕೂಡಲು ಬಂದವನಲ್ಲ ಎಂದು! ನಿಂತೇ ವಿಕ್ರೋಳಿಯ ಟೀಮಿನ ಹೆಸರು ಹೇಳಿದ. ನಿಂತೇ ಸಹಿ ಮಾಡಿದ.

ಗದ್ದಲವಾಯಿತು. ಸೆಕ್ರೆಟರಿ ಸಾಹೇಬರು ಇಂಗ್ಲಿಷಿನಲ್ಲಿ ಏನೇನೋ ಅಂದರು. ಶೆಟ್ಟರು ತಲೆ ಚಚ್ಚಿಕೊಂಡರು, ಮತ್ತೆ ನನ್ನ ಕಡೆ ಬಂದು, "ಈ ವರ್ಷ ನಮ್ಮ ಮೇಲೆ ಗೋಲು ಹೊಡೆಯುವುದು ಬೇಡ ಅಂತ ಹೇಳಿ ಅವನಿಗೆ, ನನ್ನ ಇಡ್ಲಿ ತಿಂದಿದ್ದಾನೆ" ಎಂದರು. ಹಾಗೆ ಹೇಳಲು ನಾನು ಒಪ್ಪಲಿಲ್ಲ.

ಗದಗ

ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, "ಎಡಗಾಲು ಅವಂದು ಸಣ್ಣಾಂವಿದ್ದಾಗಿಂದನೂ ಮೆತ್ತಗ" ಎಂದಳು. ಅಷ್ಟರ ಮಟ್ಟಿಗೆ ಕ್ಷಮೆ.

ಶಾಲೆಯಲ್ಲಿ ನನ್ನ ಮೇಜಿನ ಮೇಲೆ ವರ್ಗದ ಹುಕುಂ ಕಾಯುತ್ತಿತ್ತು. ನಾಲ್ಕನೆಯದು. ಬಸ್ಸೂ ಹೋಗದ ಹಳ್ಳಿ. ಹೆಡ್‌ಮಾಸ್ತರರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹಿಂದಿನ ಮೂರು ಸಲವೂ ನಾನು ಬೈದಿದ್ದೆ, ಅತ್ತಿದ್ದೆ, ಆಮೇಲೆ ಟ್ರಂಕು ಕಟ್ಟಿದ್ದೆ. ಈ ಸಲ ಹುಕುಂ ಹಿಡಿದುಕೊಂಡು ನೇರ ಇಲಾಖೆಯ ಸಾಹೇಬರ ಆಫೀಸಿಗೆ ನಡೆದೆ.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ನಾನು ಅಳಲು ಬಂದಿದ್ದೇನೆಂದು ತಿಳಿದು ಅವರಿಗೆ ಕನಿಕರವಾಯಿತೋ ಏನೋ, ಎದುರಿನ ಕುರ್ಚಿ ತೋರಿಸಿದರು.

"ಬರ್ರಿ ಅಕ್ಕೋರ, ಕೂಡ್ರಿ."

"ಕೂಡಾಕ ಬಂದಿಲ್ರಿ, ಸಾಹೇಬ್ರ" ಎಂದೆ.